ಹೊಳೆಯ ತಳದ ದುಡಿಮೆ
(ಕವಲಂದೆಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಹೊಳೆಯೆಂದರೆ ನೀರು ಮಾತ್ರವೆಂದು ನಾವು ತಿಳಿದಿದ್ದೇವೆ. ಆದರೆ ಹೊಳೆ ಕಲ್ಲು, ಮರಳು, ಮಣ್ಣುಗಳನ್ನು ಹೊತ್ತು ಸಾಗುವ ಹಮಾಲನೂ ಹೌದು. ಈ ಹಮಾಲಿಯ ಲೆಕ್ಕ ತಿಳಿಯದಿದ್ದರೆ, ನಮ್ಮ ಬಾವಿ ಬತ್ತುವುದಕ್ಕೂ ಯಾರದೋ ತಿಜೋರಿ ತುಂಬುವುದಕ್ಕೂ ಇರುವ ಸಂಬಂಧ ತಿಳಿಯದು.

ಮಳೆ ಬಂದಾಗ ನಮ್ಮ ಹಳ್ಳಗಳನ್ನು ನೋಡಿ. ಜೇಡಿ ನೀರಿನಲ್ಲಿ ಕದಡಿ ಕೆಂಪಾಗಿ ಹರಿಯುತ್ತದೆ. ಮರಳು ತಳದಲ್ಲಿ ಕುಪ್ಪಳಿಸುತ್ತ ಹೋಗುತ್ತದೆ. ಗುಂಡುಕಲ್ಲು ಉರುಳುತ್ತದೆ, ಜಾರುತ್ತದೆ. ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಸುಮಾರು 64 ಪಟ್ಟಾಗುತ್ತದೆಂಬುದು ಹಳೆಯ ಸೂತ್ರ. ಆದ್ದರಿಂದಲೇ ತಿಂಗಳುಗಟ್ಟಲೆ ಕದಲದ ಕಲ್ಲು ಒಂದೇ ಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ. ವೇಗ ತಗ್ಗಿದೊಡನೆ ಭಾರವಾದದ್ದು ಮೊದಲು ಕೂರುತ್ತದೆ, ಹಗುರವಾದದ್ದು ಕೊನೆಗೆ.

ಈ ಹಮಾಲನ ದಾರಿಗೆ ಅಡ್ಡಕಟ್ಟಿದರೆ ಏನಾಗುತ್ತದೆ? ವಯನಾಡಿನಿಂದ ಬರುವ ಕಪಿಲೆಗೆ ಬೀಚನಹಳ್ಳಿಯಲ್ಲಿ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. ಅದರಿಂದ ನೀರು ಸಿಕ್ಕಿತು, ಬೆಳೆ ಬಂತು. ಅದನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಯಾವ ಅಣೆಕಟ್ಟೆಯಾದರೂ ಮರಳನ್ನು ತನ್ನ ಹಿಂದೆಯೇ ತಡೆಯುತ್ತದೆ. ಹೊರೆ ಇಳಿಸಿದ ನೀರು ಕೆಳಗೆ ತಳವನ್ನೇ ಕೆರೆಯುತ್ತದೆ. ತಲಕಾಡಿನ ಮರಳಿಗೆ ಜನ ಶಾಪವೆನ್ನುತ್ತಾರೆ. 14ನೇ ಶತಮಾನದ ಕಟ್ಟೆಯೊಂದು ಕಾವೇರಿಯ ಹರಿವನ್ನು ಬದಲಿಸಿ ಮರಳನ್ನು ಬಯಲಿಗಿಟ್ಟಿತು, ಗಾಳಿ ಅದನ್ನು ಊರ ಮೇಲೆ ಸುರಿಯಿತು ಎಂಬ ವಾದವೂ ಇದೆ.

ಈಗ ಕಟ್ಟಡದ ಮರಳಿನ ಮಾತು. ಒಂದು ಮಳೆಗಾಲ ತಂದದ್ದಕ್ಕಿಂತ ಹೆಚ್ಚು ಬಗೆದರೆ ತಳ ಕುಸಿಯುತ್ತದೆ. ಗುಂಡಿಯ ಮೇಲ್ಭಾಗ ಕೊರೆದುಕೊಂಡು ಹಿಂದಕ್ಕೆ ನಡೆಯುತ್ತದೆ. ಸೇತುವೆಯ ಕಂಬದ ಬುಡ ಬಯಲಾಗುತ್ತದೆ. ಮರಳು ಹಿಡಿದಿಟ್ಟ ನೀರು ಹೋಗುತ್ತದೆ, ದಡದ ಬಾವಿ ಇಳಿಯುತ್ತದೆ. ಮನೆ ಕಟ್ಟುವ ಬಡವನಿಗೆ ಮರಳು ಬೇಕು, ನಿಜ. ಆದರೆ ರಾತ್ರೋರಾತ್ರಿ ಲಾರಿ ತುಂಬುವುದು ಅವನಿಗಾಗಿ ಅಲ್ಲ. ಬೆನ್ನು ಮುರಿಯುವಂತೆ ಮರಳೆತ್ತುವ ಕೂಲಿಗೆ ಸಿಗುವುದು ಪುಡಿಗಾಸು. ಸಿಕ್ಕಿಬಿದ್ದರೆ ಮೊದಲು ಠಾಣೆ ಕಾಣುವವನೂ ಅವನೇ.

ಕಾನೂನಿಲ್ಲವೆ? 1957ರ ಗಣಿ ಕಾಯಿದೆ ಮರಳನ್ನು ಉಪಖನಿಜವೆಂದು ರಾಜ್ಯದ ಕೈಗೆ ಕೊಟ್ಟಿದೆ. ಐದು ಹೆಕ್ಟೇರಿಗಿಂತ ಸಣ್ಣ ಗಣಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿತು. ಕಾಗದ ಇದೆ, ಕಾಯುವ ಕಣ್ಣು ಬೇಕು.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಮಳೆಗಾಲದ ಮುಂಚೆ ಮತ್ತು ಆಮೇಲೆ ಹೊಳೆಯ ತಳವನ್ನು ಅಳೆಯಬೇಕು. ಹೊಳೆ ತಂದದ್ದಕ್ಕಿಂತ ಹೆಚ್ಚು ತೆಗೆಯಬಾರದು. ಎಷ್ಟು ಲಾರಿ ಹೋಯಿತೆಂಬ ಲೆಕ್ಕ ಗ್ರಾಮಸಭೆಯ ಮುಂದೆ ಬರಬೇಕು. ಬಡವರ ಮನೆಗೆ ನಿಗದಿ ಬೆಲೆಯ ಮರಳು, ಎತ್ತುವವನಿಗೆ ನ್ಯಾಯದ ಕೂಲಿ ಸಿಗಬೇಕು.

ಭೂಮಿಯ ವಿಷಯದಲ್ಲಿ ಉಳುವವನೇ ಒಡೆಯನೆಂದೆವು. ಮರಳನ್ನು ಉತ್ತವರಿಲ್ಲ, ಬಿತ್ತವರಿಲ್ಲ. ಸಾವಿರಾರು ವರ್ಷ ಬಂಡೆ ಸವೆಸಿ ಅದನ್ನು ತಂದಿಟ್ಟದ್ದು ಹೊಳೆ. ಅದು ದಡದ ಎಲ್ಲರದು, ನಾಳೆ ಹುಟ್ಟುವವರದು. ಮುಂದಿನ ಗ್ರಾಮಸಭೆಗೆ ತಪ್ಪದೆ ಬನ್ನಿ, ಲೆಕ್ಕ ಕೇಳಿ.