ಕೇಳುಗರ ತಕರಾರು, ನಿರೂಪಕರ ನಾಲಿಗೆ

(ಮಸ್ಕತ್ತಿನ ಕನ್ನಡಿಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಂಜೆ ನಾನು ಆರಿಸಿಕೊಂಡಿರುವ ವಿಷಯ ಮೇಲ್ನೋಟಕ್ಕೆ ಹಗುರವಾದದ್ದು. ಹಾಡು ಕೇಳಿಸುವ ಬಾನುಲಿ ಕೇಂದ್ರಗಳ ನಿರೂಪಕರ ಬಗ್ಗೆ ಕೇಳುಗರು ಏನೆನ್ನುತ್ತಾರೆ ಎಂಬುದು. ಈ ವಿಷಯದಲ್ಲಿ ಅಭಿಪ್ರಾಯವಿಲ್ಲದವರೇ ಇಲ್ಲ. ‘ಅವಳು ವಿಪರೀತ ಮಾತಾಡುತ್ತಾಳೆ’, ‘ಅವನಿಗೆ ಕನ್ನಡವೇ ಬರುವುದಿಲ್ಲ’, ‘ಹಾಡಿನ ಮೇಲೆಯೇ ಹರಟುತ್ತಾರೆ’, ‘ಹಿಂದಿನವರ ಗಾಂಭೀರ್ಯ ಈಗಿನವರಿಗೆಲ್ಲಿದೆ’. ರೂವಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತ, ಸೊಹಾರಿನ ಹೆದ್ದಾರಿಯಲ್ಲಿ ಕಾರು ಓಡಿಸುತ್ತ ನಾವೆಲ್ಲರೂ ಇಂಥ ಮಾತುಗಳನ್ನು ಆಡಿದ್ದೇವೆ. ಈ ತಕರಾರುಗಳನ್ನು ನಾನು ಗಂಭೀರವಾಗಿ ಪರಿಗಣಿಸಲು ಬಯಸುತ್ತೇನೆ. ಸಾರ್ವಜನಿಕವಾಗಿ ಮಾತಾಡುವ ಹಕ್ಕು ಯಾರಿಗಿದೆ, ಯಾವ ಕನ್ನಡದಲ್ಲಿ ಮಾತಾಡಿದರೆ ಅದು ಮಾತೆನಿಸುತ್ತದೆ ಎಂಬುದರ ಬಗ್ಗೆ ನಮ್ಮೊಳಗೆ ಅಡಗಿರುವ ತೀರ್ಪುಗಳು ಅವುಗಳಲ್ಲಿ ಬಯಲಾಗುತ್ತವೆ.

ಮೊದಲು ನಾವು ಎಲ್ಲಿ ಕುಳಿತು ಕೇಳುತ್ತಿದ್ದೇವೆ ಎಂಬುದನ್ನು ನೋಡೋಣ. ಒಮಾನಿನ ಬಾನುಲಿ ಪ್ರಸಾರ ಆರಂಭವಾದದ್ದು 1970ರ ಜುಲೈ ಕೊನೆಯಲ್ಲಿ, ಸುಲ್ತಾನ್ ಖಾಬೂಸ್ ಅಧಿಕಾರಕ್ಕೆ ಬಂದ ಕೆಲವೇ ದಿನಗಳಲ್ಲಿ. ಖಾಸಗಿ ಪ್ರಸಾರಕ್ಕೆ ಅವಕಾಶ ಕೊಡುವ ಕಾನೂನು ಬಂದದ್ದು 2004ರಲ್ಲಿ. ಇಂದು ನಮ್ಮ ಕಾರುಗಳಲ್ಲಿ ಅರಬ್ಬಿ, ಇಂಗ್ಲಿಷ್, ಹಿಂದಿ ದನಿಗಳು ಸಿಗುತ್ತವೆ. ಕನ್ನಡದ ದನಿ ಬೇಕಾದವರು ಫೋನಿನ ಮೊರೆ ಹೋಗಬೇಕು. ಇಲ್ಲಿನ ಹಿರಿಯರಿಗೆ ಆಕಾಶವಾಣಿಯ ವಿದೇಶ ಪ್ರಸಾರ ವಿಭಾಗ ಪಶ್ಚಿಮ ಏಷ್ಯಾಕ್ಕೆಂದು ಕಿರುತರಂಗದಲ್ಲಿ ನಡೆಸುತ್ತಿದ್ದ ಬೆಳಗಿನ ಕನ್ನಡ ಪ್ರಸಾರದ ನೆನಪಿರಬಹುದು. ಕಿಟಕಿಗೆ ತಂತಿ ಕಟ್ಟಿ, ಗೊರಗೊರ ಸದ್ದಿನ ನಡುವೆ ಊರಿನ ಮಾತನ್ನು ಹುಡುಕಬೇಕಾಗಿದ್ದ ಕಾಲವದು. ಈಗ ಪ್ರಸಾರ ಭಾರತಿಯ ಆ್ಯಪ್‌ನಲ್ಲಿ ಮಂಗಳೂರು, ಧಾರವಾಡ ಕೇಂದ್ರಗಳು ನಿಚ್ಚಳವಾಗಿ ಸಿಗುತ್ತವೆ. ಒಂದೇ ತೊಡಕೆಂದರೆ ನಮ್ಮ ಗಡಿಯಾರ ಒಂದೂವರೆ ಗಂಟೆ ಹಿಂದಿದೆ. ಊರಿನ ಉದ್ಘೋಷಕರು ಆರು ಗಂಟೆಗೆ ಶುಭೋದಯ ಹೇಳುವಾಗ ಇಲ್ಲಿ ನಾಲ್ಕೂವರೆ. ಆ ಹೊತ್ತಿಗೆ ಎದ್ದಿರುವವರು ಕಚೇರಿಗೆ ಹೋಗುವ ನಾವಲ್ಲ. ಕ್ಯಾಂಪಿನ ಬಸ್ಸು ಹಿಡಿಯಲು ಸಿದ್ಧರಾಗುತ್ತಿರುವ ಕಾರ್ಮಿಕರು. ಇದನ್ನು ನೆನಪಿನಲ್ಲಿಡಿ, ಮತ್ತೆ ಇಲ್ಲಿಗೆ ಬರುತ್ತೇನೆ.

ನಮ್ಮ ನಾಡಿಗೆ ಬಾನುಲಿಯೊಂದಿಗೆ ಹಳೆಯ ನಂಟಿದೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆರಂಭಿಸಿದ ಪ್ರಸಾರಕ್ಕೆ ‘ಆಕಾಶವಾಣಿ’ ಎಂಬ ಹೆಸರಿತ್ತು. ಮುಂದೆ ಇಡೀ ದೇಶದ ಬಾನುಲಿ ಅದೇ ಹೆಸರನ್ನು ತನ್ನದಾಗಿಸಿಕೊಂಡಿತು. ಆದರೆ ಕೇಳುಗರ ಅಭಿಪ್ರಾಯ ಒಂದು ಶಕ್ತಿಯಾಗಿ ಕಾಣಿಸಿಕೊಂಡದ್ದು 1952ರ ಸುಮಾರಿಗೆ. ಅಂದಿನ ಸಚಿವ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಚಿತ್ರಗೀತೆಗಳು ಆಕಾಶವಾಣಿಯಿಂದ ಮರೆಯಾದವು. ಕೇಳುಗರು ಪ್ರತಿಭಟನಾ ಸಭೆ ನಡೆಸಲಿಲ್ಲ. ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು. ಅಲ್ಲಿ ಅಮೀನ್ ಸಯಾನಿ ‘ಬಿನಾಕಾ ಗೀತಮಾಲಾ’ ಆರಂಭಿಸಿದ್ದರು. ಪಂಡಿತರ ಹಿಂದಿಗೂ ಪಂಡಿತರ ಉರ್ದುವಿಗೂ ಸೇರದ, ಬೀದಿಯ ಹಿಂದೂಸ್ತಾನಿಯಲ್ಲಿ ಅವರು ಮಾತಾಡಿದರು. ಕೊನೆಗೆ 1957ರ ಅಕ್ಟೋಬರಿನಲ್ಲಿ ಸರ್ಕಾರವೇ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಕೇಳುಗರು ಮಂತ್ರಿಯನ್ನು ಸೋಲಿಸಿದ ಅಪರೂಪದ ಕಥೆಯಿದು.

ಆ ಕಾಲದ ಕೇಳುಗರ ಆಯುಧ ಅಂಚೆ ಕಾರ್ಡು. ಇಂದಿನ ಜಾರ್ಖಂಡಿನಲ್ಲಿರುವ ಝುಮ್ರಿ ತಲೈಯಾ ಎಂಬ ಅಭ್ರಕ ಗಣಿಗಳ ಪುಟ್ಟ ಊರು ಇಡೀ ದೇಶಕ್ಕೆ ಪರಿಚಿತವಾದದ್ದು, ಅಲ್ಲಿಂದ ಬರುತ್ತಿದ್ದ ಕೋರಿಕೆಯ ಪತ್ರಗಳಿಂದ. ಗಣಿಯ ಊರಿನವನೊಬ್ಬ ತನ್ನ ಹೆಸರು ಗಾಳಿಯಲ್ಲಿ ಕೇಳಿಬರಲೆಂದು ಕಾರ್ಡು ಬರೆಯುತ್ತಿದ್ದ. ಅವನ ಹೆಸರನ್ನು ತಪ್ಪಿಲ್ಲದೆ ಓದುವುದು ನಿರೂಪಕರ ಧರ್ಮವಾಗಿತ್ತು. ಬಾನುಲಿ ಬರೀ ಹಂಚುವ ಯಂತ್ರವಾಗದೆ ಕೇಳುಗನೂ ಮಾತಾಡಬಲ್ಲ ಸಾಧನವಾಗಬೇಕೆಂದು ಬ್ರೆಕ್ಟ್ 1932ರಲ್ಲೇ ವಾದಿಸಿದ್ದ. ನಮ್ಮಲ್ಲಿ ಆ ಕನಸು ಅಲ್ಪಸ್ವಲ್ಪವಾದರೂ ಕೈಗೂಡಿದ್ದು ಹದಿನೈದು ಪೈಸೆಯ ಕಾರ್ಡಿನಲ್ಲಿ.

ಈಗ ತಕರಾರುಗಳಿಗೆ ಬರುತ್ತೇನೆ. ಮೊದಲನೆಯದು ಹಾಡಿನ ಮೇಲೆ ಮಾತಾಡುವುದು, ಚರಣವನ್ನು ಅರ್ಧಕ್ಕೆ ಕತ್ತರಿಸುವುದು, ಕವಿಯ ಹೆಸರನ್ನು ಹೇಳದಿರುವುದು. ಇದನ್ನು ಹಳಬರ ಗೊಣಗಾಟವೆಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ಮಾಡಲಾರೆ. ಚಿತ್ರದ ಹೆಸರು, ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಹೇಳುವ ಆಕಾಶವಾಣಿಯ ಕ್ರಮದಲ್ಲಿ ಶ್ರಮಕ್ಕೆ ಸಲ್ಲಬೇಕಾದ ಮನ್ನಣೆಯಿತ್ತು. ಗೀತರಚನೆಕಾರರಿಗೂ ಸಂಗೀತ ಸಂಯೋಜಕರಿಗೂ ಗೌರವಧನದ ಹಕ್ಕನ್ನು ಭದ್ರಪಡಿಸಲು ಭಾರತದಲ್ಲಿ 2012ರ ಕೃತಿಸ್ವಾಮ್ಯ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಹೆಸರೇ ಹೇಳದ ಕಡೆ ಹಕ್ಕಿನ ಮಾತು ಎಲ್ಲಿಂದ ಬಂದೀತು? ಆದ್ದರಿಂದ ಈ ತಕರಾರನ್ನು ಜೋರಾಗಿಯೇ ಎತ್ತಬೇಕು.

ಎರಡನೆಯ ತಕರಾರು ಉಚ್ಚಾರಣೆಯದು. ಇಲ್ಲಿ ನನಗೆ ಕಸಿವಿಸಿಯಾಗುತ್ತದೆ. ‘ಹಾಸನ’ವನ್ನು ‘ಆಸನ’ ಎಂದರು, ‘ಹಾಲು’ ಎಂಬುದು ‘ಆಲು’ ಆಯಿತು ಎಂದು ನಗುತ್ತೇವೆ. ಉತ್ತರ ಕರ್ನಾಟಕದ ಧಾಟಿ ಕೇಳಿದರೆ ನಾಟಕದ ಹಾಸ್ಯಪಾತ್ರ ನೆನಪಾಗುತ್ತದೆ. ಕರಾವಳಿಯವರು ಮಾತಾಡಿದರೆ ಯಕ್ಷಗಾನದ ಕನ್ನಡವೆನ್ನುತ್ತೇವೆ. ಹಾಗಾದರೆ ನಗೆಗೀಡಾಗದ ಕನ್ನಡ ಯಾರದು? ಯಾವ ಜಾತಿಯ, ಯಾವ ಊರಿನ, ಯಾವ ಶಾಲೆಯ ಕನ್ನಡವದು? ಹೆಚ್ಚಿನ ಕನ್ನಡಿಗರ ಆಡುನುಡಿಯಲ್ಲಿ ಮಹಾಪ್ರಾಣಗಳೇ ಇಲ್ಲವೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಅವರ ಲಿಪಿ ಸುಧಾರಣೆಯನ್ನು ನೀವು ಒಪ್ಪದಿರಬಹುದು. ಆದರೆ ಬಹುಸಂಖ್ಯಾತರ ನಾಲಿಗೆಯನ್ನು ‘ತಪ್ಪು’ ಎಂದು ಕರೆಯುವ ಅಧಿಕಾರ ಎಲ್ಲಿಂದ ಬಂತು ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಅದರಲ್ಲೂ ಮಸ್ಕತ್ತಿನಲ್ಲಿ ಈ ಅಹಂಕಾರ ವಿಚಿತ್ರವಾಗಿ ಕಾಣುತ್ತದೆ. ಇಲ್ಲಿ ಕನ್ನಡದ ಕಾರ್ಯಕ್ರಮಕ್ಕೆ ಕುರ್ಚಿ ಜೋಡಿಸುವವರಲ್ಲಿ ಎಷ್ಟೋ ಮಂದಿಯ ಮನೆಮಾತು ತುಳು, ಕೊಂಕಣಿ, ಬ್ಯಾರಿ ಅಥವಾ ಭಟ್ಕಳದ ನವಾಯತಿ. ಕನ್ನಡವನ್ನು ಅವರು ಪ್ರೀತಿಯಿಂದ ಕಲಿತು ತಂದಿದ್ದಾರೆ. ಅವರ ಮಕ್ಕಳು ವೇದಿಕೆಯಲ್ಲಿ ತಡವರಿಸಿದಾಗ ಮೊದಲ ಸಾಲಿನಲ್ಲಿ ನಗುವವರು ನಾವೇ.

ಈ ಮಾತನ್ನು ನಾನು ಎತ್ತರದಲ್ಲಿ ನಿಂತು ಆಡುತ್ತಿಲ್ಲ. ಪದವಿ ಓದುತ್ತಿದ್ದಾಗ ನಾನೂ ಒಂದು ಬಾನುಲಿ ಕೇಂದ್ರಕ್ಕೆ ಕಾರ್ಡು ಬರೆದಿದ್ದೆ. ರಾತ್ರಿಯ ಹಾಡುಗಳನ್ನು ನಡೆಸಿಕೊಡುತ್ತಿದ್ದ ಒಬ್ಬ ಉದ್ಘೋಷಕಿಗೆ ಹಕಾರ ಸರಿಯಾಗಿ ಬರುವುದಿಲ್ಲವೆಂದು, ಉದಾಹರಣೆಗಳ ಸಮೇತ, ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದೆ. ಕೆಲವು ವಾರಗಳ ನಂತರ ಆ ದನಿ ನಿಂತುಹೋಯಿತು. ನನ್ನ ಕಾರ್ಡಿನಿಂದಲೇ ನಿಂತಿತೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ಅಂದು ನನಗೆ ಗೆದ್ದ ಸಂತೋಷವಾಗಿತ್ತು. ಆಕಾಶವಾಣಿಯ ಎಷ್ಟೋ ಉದ್ಘೋಷಕರು ತಾತ್ಕಾಲಿಕ ನೆಲೆಯವರು, ತಿಂಗಳಲ್ಲಿ ಕೆಲವೇ ಪಾಳಿ ಸಿಗುವವರು, ಕಾಯಮಾತಿಗಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದವರು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಹೊರದೇಶದಲ್ಲಿ ಪಿಎಚ್‌.ಡಿ. ಮಾಡುವಾಗ ಸೆಮಿನಾರಿನಲ್ಲಿ ನನ್ನ ಇಂಗ್ಲಿಷ್ ಉಚ್ಚಾರಣೆ ಕೇಳಿ ಯಾರೋ ಮುಗುಳ್ನಕ್ಕರು. ಆ ದಿನ ಆ ಕಾರ್ಡು ನೆನಪಾಯಿತು.

ಮೂರನೆಯದು ಹೆಣ್ಣು ದನಿಯ ಬಗೆಗಿನ ತಕರಾರು. ಗಂಡು ನಿರೂಪಕ ಹೆಚ್ಚು ಮಾತಾಡಿದರೆ ಅವನು ಮಾತಿನ ಮಲ್ಲ, ಹೆಣ್ಣು ಮಾತಾಡಿದರೆ ವಟವಟ. ಅವನು ನಕ್ಕರೆ ಲವಲವಿಕೆ, ಅವಳು ನಕ್ಕರೆ ಸಲಿಗೆ. ಅವನ ಬಗೆಗಿನ ಅಭಿಪ್ರಾಯ ಹಾಡಿನ ಆಯ್ಕೆಯಲ್ಲಿ ನಿಲ್ಲುತ್ತದೆ. ಅವಳ ಬಗೆಗಿನ ಅಭಿಪ್ರಾಯ ಮದುವೆಯಾಗಿದೆಯೇ ಎಂಬಲ್ಲಿಗೆ ಹೋಗುತ್ತದೆ. ಇದಕ್ಕೆ ಹೆಚ್ಚಿನ ವಿವರಣೆ ಬೇಕಿಲ್ಲ. ಸಭೆಯಲ್ಲಿರುವ ಹೆಣ್ಣುಮಕ್ಕಳ ಮುಖದಲ್ಲಿ ಅದು ಕಾಣುತ್ತಿದೆ.

ನಾಲ್ಕನೆಯದು ಕೀಟಲೆ ಕರೆಗಳದು. ಯಾರಿಗೋ ಫೋನು ಮಾಡಿ, ಸುಳ್ಳು ಹೇಳಿ, ಅವರ ಗಾಬರಿಯನ್ನು ಊರಿಗೆಲ್ಲ ಕೇಳಿಸುವ ಆಟವಿದು. ಕೇಳುಗರಲ್ಲಿ ಬಹುಪಾಲು ಜನ ನಗುತ್ತಾರೆ, ಆ ನಗುವೇ ಕೇಂದ್ರಕ್ಕೆ ಲಾಭ. 2012ರ ಡಿಸೆಂಬರಿನಲ್ಲಿ ಸಿಡ್ನಿಯ 2ಡೇ ಎಫ್‌ಎಂನ ಇಬ್ಬರು ನಿರೂಪಕರು ರಾಣಿ ಮತ್ತು ರಾಜಕುಮಾರ ಚಾರ್ಲ್ಸ್ ಅವರ ಸೋಗಿನಲ್ಲಿ ಲಂಡನ್ನಿನ ಆಸ್ಪತ್ರೆಯೊಂದಕ್ಕೆ ಕರೆ ಮಾಡಿದರು. ಕರೆಯನ್ನು ಮೊದಲು ಎತ್ತಿಕೊಂಡವರು ನಮ್ಮ ಮಂಗಳೂರು ಮೂಲದ ದಾದಿ. ಮೂರು ದಿನಗಳ ನಂತರ ಅವರು ಪ್ರಾಣ ಕಳೆದುಕೊಂಡರು. ಉಡುಪಿಯ ಶಿರ್ವದಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು. ಒಂದು ಸಾವಿಗೆ ಒಂದೇ ಕಾರಣ ಕೊಡುವ ಅವಸರ ನನಗಿಲ್ಲ. ಆದರೆ ಮುಂದೆ ನಡೆದದ್ದನ್ನು ಗಮನಿಸಿ. ಜಗತ್ತಿನ ಸಿಟ್ಟೆಲ್ಲ ಆ ಇಬ್ಬರು ನಿರೂಪಕರ ಮೇಲೆ ಸುರಿಯಿತು. ಅದು ನೇರ ಪ್ರಸಾರವಾಗಿರಲಿಲ್ಲ. ಧ್ವನಿಮುದ್ರಿಸಿಕೊಂಡು, ಮೇಲಿನವರ ಒಪ್ಪಿಗೆ ಪಡೆದು ಪ್ರಸಾರವಾದ ಸರಕು. ಪ್ರಸಾರದ ಪರವಾನಗಿ ಹೊಂದಿದ್ದ ಕಂಪನಿಯ ಹೊಣೆಯ ಪ್ರಶ್ನೆ ಆಸ್ಟ್ರೇಲಿಯಾದ ಹೈಕೋರ್ಟಿನಲ್ಲಿ ಇತ್ಯರ್ಥವಾದದ್ದು 2015ರಲ್ಲಿ. ಅಷ್ಟರಲ್ಲಿ ಕೇಳುಗರ ಸಿಟ್ಟು ಆರಿತ್ತು.

ನನ್ನ ಮುಖ್ಯ ವಾದ ಇಲ್ಲಿದೆ. ನಮಗೆ ಕೇಳುವುದು ನಿರೂಪಕರ ದನಿ ಮಾತ್ರ, ಆದ್ದರಿಂದ ನಮ್ಮ ತೀರ್ಪೂ ಅವರ ಮೇಲೆಯೇ ಬೀಳುತ್ತದೆ. ಹಾಡಿನ ಪಟ್ಟಿಯನ್ನು ತಯಾರಿಸುವುದು ಹೆಚ್ಚಿನ ಕಡೆ ಅವರಲ್ಲ. ಗಂಟೆಗೆ ಎಷ್ಟು ಜಾಹೀರಾತು ಎಂದು ನಿರ್ಧರಿಸುವುದು ಅವರಲ್ಲ. ಭಾರತದ ಖಾಸಗಿ ಎಫ್‌ಎಂ ಕೇಂದ್ರಗಳಿಗೆ ಸ್ವಂತ ಸುದ್ದಿ ಪ್ರಸಾರ ಮಾಡುವ ಅನುಮತಿಯೇ ಇಲ್ಲ. ನಿರೂಪಕರ ಮಾತೆಲ್ಲ ಹವಾಮಾನ, ಸಿನಿಮಾ, ಪ್ರೇಮ ಎಂದು ನಾವು ದೂರುತ್ತೇವೆ. ಅವರ ಬಾಯಿಗೆ ಬೀಗ ಹಾಕಿದ ನಿಯಮವನ್ನು ದೂರುವುದಿಲ್ಲ. ಕೊಲ್ಲಿಯ ನಿರೂಪಕರ ಸ್ಥಿತಿ ಇನ್ನೂ ಸೂಕ್ಷ್ಮ. ನಮ್ಮಂತೆಯೇ ಅವರ ವಾಸದ ಪರವಾನಗಿ ಕೆಲಸಕ್ಕೆ ಗಂಟು ಬಿದ್ದಿದೆ. ಕೆಲಸ ಬದಲಿಸಲು ಹಳೆಯ ಮಾಲೀಕನ ಆಕ್ಷೇಪವಿಲ್ಲವೆಂಬ ಪತ್ರ ಬೇಕೆಂಬ ನಿಯಮವನ್ನು ಒಮಾನ್ ತೆಗೆದುಹಾಕಿದ್ದು 2021ರಲ್ಲಷ್ಟೆ. ದನಿಯಲ್ಲಿ ಸದಾ ಉಲ್ಲಾಸವಿರಬೇಕು ಎಂಬುದು ಅವರ ಉದ್ಯೋಗದ ಷರತ್ತು. ಆ ಉಲ್ಲಾಸ ಕೃತಕವೆಂದು ನಾವು ದೂರು ಕೊಡುತ್ತೇವೆ.

ಹಾಗಾದರೆ ಕೇಳುಗರು ಸುಮ್ಮನಿರಬೇಕೆ? ಖಂಡಿತ ಬೇಡ. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಆರಂಭವಾದದ್ದು ಬೆಂಗಳೂರಿನಲ್ಲಿ. ಮುಂದಿನ ಕೆಲವು ವರ್ಷ ಅಲ್ಲಿನ ಎಫ್‌ಎಂಗಳಲ್ಲಿ ಹಿಂದಿ ಹಾಡುಗಳದೇ ಮೆರವಣಿಗೆ. ಕನ್ನಡದ ಹಾಡು ಮಾರುಕಟ್ಟೆಯಲ್ಲಿ ಓಡುವುದಿಲ್ಲವೆಂಬ ನಂಬಿಕೆಯಿತ್ತು. ಕನ್ನಡದ ಕೇಳುಗರು ಎದ್ದುನಿಂತು ಕೇಳಿದರು. ಇಂದು ಅಲ್ಲಿನ ಹೆಚ್ಚಿನ ಕೇಂದ್ರಗಳು ಕನ್ನಡ ಹಾಡುಗಳಿಂದಲೇ ಬದುಕುತ್ತಿವೆ. ಈ ತಕರಾರು ಒಬ್ಬ ನಿರೂಪಕಿಯ ನಾಲಿಗೆಯ ಮೇಲಿರಲಿಲ್ಲ, ಕೇಂದ್ರದ ಧೋರಣೆಯ ಮೇಲಿತ್ತು. ಅದಕ್ಕಾಗಿಯೇ ಫಲಿಸಿತು.

ಇನ್ನು ಯಾರ ಅಭಿಪ್ರಾಯ ಲೆಕ್ಕಕ್ಕೆ ಬರುತ್ತದೆ ಎಂಬ ಪ್ರಶ್ನೆ. 2007ರಿಂದ ಬೆಂಗಳೂರೂ ಸೇರಿದಂತೆ ಕೆಲವು ಮಹಾನಗರಗಳಲ್ಲಿ ಆಯ್ದ ಮನೆಗಳವರು ತಾವು ಕೇಳಿದ್ದನ್ನು ಡೈರಿಯಲ್ಲಿ ಗುರುತಿಸುವ ವಿಧಾನದಿಂದ ಕೇಳುಗರ ಎಣಿಕೆ ನಡೆಯಿತು. ಮನೆಯೇ ಇಲ್ಲದ ಕೇಳುಗ ಅಂಥ ಡೈರಿಯೊಳಗೆ ಬರುವುದು ಹೇಗೆ? ಒಮಾನಿನ 2020ರ ಜನಗಣತಿಯ ಪ್ರಕಾರ ಇಲ್ಲಿನ ಸುಮಾರು 44.7 ಲಕ್ಷ ಜನರಲ್ಲಿ 17.4 ಲಕ್ಷ ಮಂದಿ ಹೊರದೇಶದವರು. ಅವರಲ್ಲಿ ಅಂಗಡಿ, ಆಸ್ಪತ್ರೆ, ಕಚೇರಿಗಳವರು ಇರುವಂತೆ ಕಟ್ಟಡ ಕಟ್ಟುವವರೂ ಮನೆಗೆಲಸದವರೂ ಇದ್ದಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ಕಾನೂನಿದೆ. ಆ ಮೂರು ಗಂಟೆ ನೆರಳಿನಲ್ಲಿ ಮಲಗಿ, ಒಂದೇ ಇಯರ್‌ಫೋನನ್ನು ಇಬ್ಬರು ಹಂಚಿಕೊಂಡು ಹಾಡು ಕೇಳುವವರನ್ನು ನೀವೂ ನೋಡಿರುತ್ತೀರಿ. ಘಾಲಾದ ಬಳಿ ಹಾಗೆ ಕುಳಿತಿದ್ದ ಯಾದಗಿರಿ ಕಡೆಯ ಒಬ್ಬರನ್ನು ನಾನು ಕೇಳಿದೆ: ‘ಈ ನಿರೂಪಕರ ಮಾತು ನಿಮಗೆ ಹಿಡಿಸುತ್ತದೆಯೇ?’ ಅವರೆಂದರು, ‘ಚಲೋ ಮಾತಾಡ್ತಾರ್ರೀ ಸರ. ಖರೇ, ನಮ್ಮಂಗ ಯಾರೂ ಮಾತಾಡೋದಿಲ್ಲ.’

ಅವರ ಮಾತಿನಲ್ಲಿ ದೂರಿನ ಧ್ವನಿಯೇ ಇರಲಿಲ್ಲ. ಬೆಳಗ್ಗೆ ನಾಲ್ಕೂವರೆಗೆ ಊರಿನ ಶುಭೋದಯ ಕೇಳಿಸಿಕೊಳ್ಳುವವರು ಅವರು, ಕಾರ್ಡು ಬರೆಯುವವರು ನಾವು. ನಾವು ಬರೆದ ಕಾರ್ಡುಗಳು ಅವರಂತೆ ಮಾತಾಡಬಹುದಾಗಿದ್ದ ಎಷ್ಟು ದನಿಗಳನ್ನು ಹೊರಗಿಟ್ಟವೋ.

ಕೊನೆಯದಾಗಿ ಒಂದು ಕೋರಿಕೆ. ಈ ಊರಿನಲ್ಲಿ ನಾವೇ ಕನ್ನಡದ ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿ ಫೋನಿನಿಂದ ಫೋನಿಗೆ ಕಳಿಸಬಹುದಾದ ಕಾಲವಿದು. ಅದಕ್ಕೆ ನಿರೂಪಕರನ್ನು ಆರಿಸುವಾಗ ‘ಶುದ್ಧ ಕನ್ನಡ ಬಲ್ಲವರು ಬೇಕು’ ಎಂಬ ಸಾಲನ್ನು ಪ್ರಕಟಣೆಯಿಂದ ತೆಗೆಯೋಣ. ಕ್ಯಾಂಪಿನವರನ್ನು, ಮನೆಗೆಲಸದ ಅಕ್ಕಂದಿರನ್ನು, ದಾದಿಯರನ್ನು ಮೈಕಿನ ಮುಂದೆ ಕೂರಿಸೋಣ. ಹಾಡು ಬರೆದವರ ಹೆಸರನ್ನು ಅವರಿಂದಲೇ ಹೇಳಿಸೋಣ. ಅವರ ಹಕಾರ ತಪ್ಪಿದರೆ ತಪ್ಪಲಿ. ಆಮೇಲೆ ನಮ್ಮ ಅಭಿಪ್ರಾಯವನ್ನು ಬರೆಯೋಣ, ಖಾರವಾಗಿಯೇ ಬರೆಯೋಣ. ಲಕೋಟೆಯ ಮೇಲೆ ಸರಿಯಾದ ವಿಳಾಸವಿರಲಿ.

ನಾನು ಇಷ್ಟು ಹೊತ್ತು ಮಾತಾಡಿದೆ. ಇನ್ನು ನೀವು ಮಾತಾಡಿ, ನಾನು ಕೇಳುತ್ತೇನೆ.