ಸವಣೂರಿನ ಬಾಗಿಲಲ್ಲಿ ಫ್ರೆಂಚರ ಸಂಧಾನ

(ಶತಮಾನೋತ್ಸವದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳನ್ನು ನೆನೆಯುವ ಈ ಶುಭ ಸಂದರ್ಭದಲ್ಲಿ ಅದಕ್ಕೂ ಹಿಂದಿನ ಒಂದು ಸಂಗತಿಯನ್ನು ತಮ್ಮ ಮುಂದಿಡಲು ಬಯಸುತ್ತೇವೆ. ಫ್ರೆಂಚ್ ಅಧಿಕಾರಿಗಳು ಈ ದೇಶದ ಅರಸರೊಡನೆ ನಡೆಸಿದ ಸಂಧಾನಗಳು ದೂರದ ಪಾಂಡಿಚೇರಿಗೆ ಸೇರಿದವೆಂದು ಹಲವರು ಭಾವಿಸುವುದುಂಟು. ಅವು ನಮ್ಮ ಸವಣೂರಿನ ಕೋಟೆಯ ಬಾಗಿಲಿಗೂ ಬಂದಿದ್ದವು.

1750ರಲ್ಲಿ ಪಾಂಡಿಚೇರಿಯ ಗವರ್ನರ್ ಡೂಪ್ಲೆ, ಹೈದರಾಬಾದಿನ ನಾಸಿರ್ ಜಂಗನ ವಿರುದ್ಧ ಕಡಪಾ, ಕರ್ನೂಲು, ಸವಣೂರುಗಳ ಪಠಾಣ ನವಾಬರೊಡನೆ ಗುಪ್ತವಾಗಿ ಮಾತುಕತೆ ನಡೆಸಿದನು. ಡಿಸೆಂಬರಿನಲ್ಲಿ ನಾಸಿರ್ ಜಂಗನು ಹತನಾದನು. ಆದರೆ ಗುಟ್ಟಿನಲ್ಲಿ ಹುಟ್ಟಿದ ಸ್ನೇಹ ಬಾಳಲಿಲ್ಲ. ಪ್ರತಿಫಲ ಸಾಲದೆಂದು ಮುನಿದ ನವಾಬರು 1751ರ ಫೆಬ್ರವರಿಯಲ್ಲಿ ರಾಯಚೋಟಿಯ ಸಮೀಪ ಹೊಸ ನಿಜಾಮ ಮುಜಫರ್ ಜಂಗನ ಮೇಲೆ ತಿರುಗಿಬಿದ್ದರು. ಆ ಕಾಳಗದಲ್ಲಿ ಮುಜಫರ್ ಜಂಗನೂ ಮಡಿದನು, ಸವಣೂರಿನ ನವಾಬನೂ ಮಡಿದನು. ಫ್ರೆಂಚ್ ಸೇನಾನಿ ಬುಸ್ಸಿಯು ಸಲಾಬತ್ ಜಂಗನನ್ನು ನಿಜಾಮನನ್ನಾಗಿ ನಿಲ್ಲಿಸಿದನು.

ಐದು ವರ್ಷಗಳು ಕಳೆದವು. ಅಬ್ದುಲ್ ಹಕೀಮ್ ಖಾನನು ಆಗ ಸವಣೂರಿನ ನವಾಬ. ಪೇಶ್ವೆಯ ಸೇವೆಯಿಂದ ಓಡಿಬಂದ ಮುಜಫರ್ ಖಾನನಿಗೆ ಅವನು ಆಶ್ರಯವಿತ್ತಿದ್ದನು. ಗುತ್ತಿಯ ಮುರಾರಿರಾವ್ ಘೋರ್ಪಡೆಯೂ ಅವನ ಪಕ್ಷದಲ್ಲಿದ್ದನು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯನೂ ನಿಜಾಮನೂ ಕೂಡಿ ಸವಣೂರನ್ನು ಮುತ್ತಿದರು. ನಿಜಾಮನ ಕಡೆ ಬುಸ್ಸಿಯ ಫಿರಂಗಿಗಳಿದ್ದವು.

ಹಿಂದೆ ಕರ್ನಾಟಿಕ್ ಯುದ್ಧದಲ್ಲಿ ಫ್ರೆಂಚರಿಗೆ ಸಹಾಯ ಮಾಡಿದ್ದಕ್ಕಾಗಿ ಮುರಾರಿರಾಯನಿಗೆ ಅವರಿಂದ ಹಣ ಬರಬೇಕಾಗಿತ್ತು. ತಮಗೆ ಸಹ್ಯವಾದ ಸಂಧಿಯನ್ನು ಕುದುರಿಸಿಕೊಟ್ಟರೆ ಆ ಸಾಲಪತ್ರವನ್ನೇ ಬಿಟ್ಟುಕೊಡುವುದಾಗಿ ಅವನು ಬುಸ್ಸಿಗೆ ಗುಟ್ಟಾಗಿ ಹೇಳಿಕಳುಹಿಸಿದನು. ಬುಸ್ಸಿ ಒಪ್ಪಿದನು. ಸಂಧಿಯಾಯಿತು, ಫಿರಂಗಿಗಳು ಸುಮ್ಮನಾದವು.

ಒಳಬೆಲೆ ಮಾತ್ರ ಮುಚ್ಚಿ ಉಳಿಯಲಿಲ್ಲ. ಫ್ರೆಂಚರ ಪ್ರಾಬಲ್ಯವನ್ನು ಸಹಿಸದಿದ್ದ ದಿವಾನ ಶಾ ನವಾಜ್ ಖಾನನು ಇದನ್ನೇ ಆಯುಧ ಮಾಡಿಕೊಂಡು, ಬುಸ್ಸಿ ನಿಜಾಮನ ಹಿತವನ್ನು ಮಾರಿದನೆಂದು ದೂರಿದನು. ಅದೇ ಮೇ ತಿಂಗಳಲ್ಲಿ ಬುಸ್ಸಿ ಸೇವೆಯಿಂದ ವಜಾಗೊಂಡನು. ಹೈದರಾಬಾದಿನ ಚಾರ್ ಮಹಲಿನಲ್ಲಿ ಸೇನೆಯೊಡನೆ ನೆಲೆನಿಂತು, ಹೊಸ ದಂಡು ಬಂದು ಸೇರಿದ ಮೇಲೆ ಆಗಸ್ಟಿನಲ್ಲಿ ಮತ್ತೆ ರಾಜಿಯಾದರೂ, ಮೊದಲಿನ ವಿಶ್ವಾಸ ಮರಳಲಿಲ್ಲ. 1761ರಲ್ಲಿ ಪಾಂಡಿಚೇರಿಯೇ ಇಂಗ್ಲಿಷರ ಕೈಸೇರಿತು.

ಬುಸ್ಸಿ ಮಾಡಿಸಿದ ಸಂಧಿಯನ್ನು ನಾವು ಹಳಿಯುವುದಿಲ್ಲ. ಮುತ್ತಿಗೆಯಲ್ಲಿ ಸಿಕ್ಕಿದ ಊರಿಗೆ, ದಂಡು ತುಳಿದ ಹೊಲದ ಒಕ್ಕಲಿಗನಿಗೆ, ಶಾಂತಿ ಯಾರ ಕೈಯಿಂದ ಬಂದರೂ ಶಾಂತಿಯೇ. ಆದರೆ ಇಬ್ಬರ ನಡುವೆ ನಿಂತು ಮಾತನಾಡುವವನು ಒಬ್ಬನಿಂದ ಗುಟ್ಟಾಗಿ ಪಡೆದರೆ, ಅವನು ಮಾಡಿದ ಒಳಿತೂ ಅನುಮಾನಕ್ಕೆ ಗುರಿಯಾಗುತ್ತದೆ. ನಮ್ಮ ಊರುಗಳಲ್ಲಿ ಬದುವಿನ ಜಗಳಕ್ಕೆ, ಅಣ್ಣತಮ್ಮಂದಿರ ಪಾಲಿಗೆ ಹಿರಿಯರನ್ನು ಕರೆಯುವುದು ಇಂದಿಗೂ ಉಂಟು. ಅಂಥ ಸ್ಥಾನ ನಮಗೂ ತಮಗೂ ಒದಗಿದಾಗ, ಕೈ ತೆರೆದೇ ಕುಳಿತುಕೊಳ್ಳೋಣ. ಸವಣೂರಿನ ಹಳೆಯ ಕೋಟೆ ನಮಗೆ ಹೇಳುವ ಮಾತು ಇಷ್ಟೇ.