ಪ್ಲಾಸ್ಮಾ ಮೇಜು ಕಟ್ಟುವವರಿಗೆ ನಾಲ್ಕು ಮಾತು



ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯಲ್ಲಿ ಗೇಟು, ಗ್ರಿಲ್ಲು ಮಾಡುವ ನಾವು ಸಿಎನ್‌ಸಿ ಪ್ಲಾಸ್ಮಾ ಮೇಜನ್ನು, ಅಂದರೆ ಕಂಪ್ಯೂಟರಿನ ನಕ್ಷೆಯಂತೆ ತಗಡು ಕತ್ತರಿಸುವ ಯಂತ್ರವನ್ನು, ಸ್ವಂತವಾಗಿಯೇ ಕಟ್ಟಬಹುದು. ಆದರೆ ಚೌಕಟ್ಟು, ಮೋಟಾರು, ಕಂಟ್ರೋಲರು, ಟಾರ್ಚು ಇಷ್ಟೇ ಮೇಜಲ್ಲ. ಅರ್ಥಿಂಗ್, ನೀರಿನ ತೊಟ್ಟಿ, ತುರ್ತು ಸ್ವಿಚ್ಚು ಇವೂ ಅದರ ಅಂಗಗಳೇ. ದುಡ್ಡು ಉಳಿದರೆ ನೋಡೋಣ ಎನ್ನಬೇಡಿರಿ.

ಪ್ಲಾಸ್ಮಾದ ಕಾವು 20,000 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಟಾರ್ಚಿನಲ್ಲಿ ಹರಿಯುವ ವಿದ್ಯುತ್ತು ಕೊಲ್ಲಬಲ್ಲದು. ಮೇಜಿನ ಪಕ್ಕದಲ್ಲೇ ಅರ್ಥ್ ರಾಡು ಹೂಳಿರಿ. ಕಿಡಿ ಹಚ್ಚುವಾಗ ಏಳುವ ಹೈ ಫ್ರೀಕ್ವೆನ್ಸಿಯಿಂದ ಕಂಟ್ರೋಲರು ಕೆಟ್ಟು, ಟಾರ್ಚು ದಿಕ್ಕು ತಪ್ಪೀತು. ಆಗ ತುರ್ತು ಸ್ವಿಚ್ಚು ಮೋಟಾರನ್ನಷ್ಟೇ ಅಲ್ಲ, ಉರಿಯನ್ನೂ ಆರಿಸಬೇಕು.

ತೊಟ್ಟಿಯ ನೀರು ಹೊಗೆಯನ್ನು ತಗ್ಗಿಸುತ್ತದೆ. ಆದರೆ ನೀರಿನ ಮೇಲೆ ಅಲ್ಯುಮಿನಿಯಂ ಕತ್ತರಿಸಿದರೆ ಹೈಡ್ರೋಜನ್ ಕೂಡಿಕೊಂಡು ಸಿಡಿದೀತು. ಜಿಐ ತಗಡಿನ ಸತುವಿನ ಹೊಗೆ ಕುಡಿದವನಿಗೆ ಸಂಜೆ ಚಳಿಜ್ವರ ಬರುತ್ತದೆ. ಮಲೇರಿಯಾ ಎಂದು ಸುಮ್ಮನಿರದೆ, ಮಾಡಿದ ಕೆಲಸವನ್ನು ಡಾಕ್ಟರಿಗೆ ಹೇಳಿರಿ.

ಕೊನೆಯ ಮಾತು. 40 ಆಂಪಿಯರ್‌ವರೆಗೆ 5ನೇ ನಂಬರಿನ ಕಪ್ಪು ಗಾಜು ಸಾಕು. ಮೇಸ್ತ್ರಿಯ ಕಣ್ಣಿಗೆ ಅದಿದ್ದು, ತಗಡು ಎತ್ತಿಕೊಡುವ ಹೆಲ್ಪರನ ಕಣ್ಣು ಬರಿದಾಗಿದ್ದರೆ, ಆ ಮೇಜು ಇನ್ನೂ ಅರ್ಧವೇ ಕಟ್ಟಿದ್ದು.